ಮಾರುದ್ದದ ನಗು

ಫಿಲಮನ್ನು ಎರಡು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಚಿತ್ರದ ಮೇಲೆ ಬೆರಳು ಇಡಕೂಡದು. ನನ್ನ ಮನೆಯಲ್ಲಿದ್ದ ನಿಯಮ ಇದೊಂದೇ. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೂ ಹಚ್ಚಿದ್ದೆ. ಜನ ಅದನ್ನು ಓದಿ ತಲೆಯಾಡಿಸುತ್ತಿದ್ದರು, ಆಮೇಲೆ ಬೆರಳು ಇಡುತ್ತಿದ್ದರು. ಇಂಥದ್ದು ನನ್ನ ಪಾಲಿಗೆ ತಪ್ಪಿದ್ದೇ ಇಲ್ಲ.

ಐವತ್ತರ ದಶಕದ ಕೊನೆ. ನಾನಾಗ ಶಿಕಾರಿಪುರದಲ್ಲಿ ಇಂಗ್ಲಿಷ್ ಮೇಷ್ಟ್ರು. ವಿಲಾಯತಿಗೆ ಹೊರಟು ನಿಂತ ಎಸ್ಟೇಟ್ ದೊರೆಯೊಬ್ಬರಿಂದ ಕೊಂಡ ಪ್ರೊಜೆಕ್ಟರ್ ಒಂದಿತ್ತು. ಹಳೆಯ ಫಿಲಂ ಸುರುಳಿಗಳನ್ನು ತರಿಸಿ, ಹರಿದದ್ದನ್ನು ಅಂಟಿಸಿ, ನಡುಮನೆಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸುತ್ತಿದ್ದೆ. ಸುದ್ದಿ ಸೊರಬದ ಕಡೆಗೂ ಹೋಗಿ, ಹೊಸಬಾಳೆಯ ಸಾಹುಕಾರರೊಬ್ಬರು ಒಂದು ಡಬ್ಬಿ ಹಿಡಿದು ಬಂದರು. ಜೊತೆಗೆ ಕರಿಕಂಬಳಿ ಹೊದ್ದ ಕುರಿಗಾಹಿ ಮುದುಕ.

ಸಾಹುಕಾರರ ಬೊಂಬಾಯಿ ಅಳಿಯ ಕೆಲವು ವರ್ಷದ ಹಿಂದೆ ತೆಗೆದ ಚಿತ್ರ ಅದು. ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸಿದ್ದಾಗಿನದು. ಅದರಲ್ಲಿ ಮುದುಕನ ಮಗ ಮರಿಯೊಂದನ್ನು ಹೆಗಲ ಮೇಲೆ ಹೊತ್ತು, ತಿರುಗಿ ನೋಡಿ ನಗುತ್ತಾನೆ. ಆ ಹುಡುಗ ಹಿಂದಿನ ವರ್ಷ ಕ್ಯಾಸನೂರಿನ ಕಾಡಂಚಿಗೆ ಮಂದೆ ಹೊಡೆದುಕೊಂಡು ಹೋಗಿ, ಮಂಗನ ಕಾಯಿಲೆ ಬಂದು ತೀರಿಕೊಂಡಿದ್ದ. ಅವನದು ಬೇರೆ ಪಟ ಒಂದೂ ಇರಲಿಲ್ಲ.

"ಚಿತ್ರ ತೆಗೀತಾರೆ ಅಂತ ಮಗ ಕಾಲುವ್ಯಾಗೆ ಮುಖ ತೊಳಕಂಡು ಬಂದಿದ್ದ ಕಣ್ರೀ," ಎನ್ನುತ್ತ ಮುದುಕ ಸುರುಳಿಯತ್ತ ಕೈ ಚಾಚಿದ.

"ಕುರಿ ಮುಟ್ಟಿದ ಕೈ! ದೂರ ಇಡಪ್ಪ. ಜಿಡ್ಡು ಹತ್ತಿದರೆ ಮತ್ತೆ ಬಿಡುವುದಿಲ್ಲ," ಎಂದು ಗದರಿದೆ. ಆತ ಎರಡೂ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ.

ಹುಡುಗ ಕಾಣುವ ಭಾಗವನ್ನು ಅಳೆದು ನೋಡಿದೆ. ಸರಿಯಾಗಿ ಒಂದು ಮಾರು, ಅಂದರೆ ನಾಲ್ಕು ಮೊಳ.

೧. ಸೀಗೆಪುಡಿ

ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಗಿತ್ತು. ಹೊಸದು ಬರಲಿ ಎಂದು ಸಾಹುಕಾರರು ಡಬ್ಬಿಯನ್ನು ಮನೆಗೆ ವಾಪಸು ಒಯ್ದಿದ್ದರು. ಫಿಲಮಿಗೆ ಬೂಷ್ಟು ಹಿಡಿದಿದೆ ಎಂದು ನಾನು ಅಂದದ್ದು ಅವರ ಮನೆಯಾಕೆಯ ಕಿವಿಗೆ ಬಿದ್ದಿತ್ತು. ಒಂದು ದಿನ ಅಲ್ಲಿಗೆ ಹೋದರೆ ಅಂಗಳದ ತಂತಿಯ ಮೇಲೆ ಸೀರೆ, ಲಂಗಗಳ ನಡುವೆ ಫಿಲಂ ಹಾರಾಡುತ್ತಿದೆ! ಬಿಸಿನೀರು, ಸೀಗೆಪುಡಿ, ತೆಂಗಿನ ನಾರು, ಎಲ್ಲ ಆಗಿತ್ತು.

"ಏನಮ್ಮಾ ಇದು?"

"ಗಾಬರಿ ಆಗಬೇಡಿ ಮೇಷ್ಟ್ರೆ. ರೇಷ್ಮೆ ಸೀರೆಗೂ ನಾವು ಇದನ್ನೇ ಹಾಕೋದು. ಒಂಚೂರೂ ಬಣ್ಣ ಹೋಗಿಲ್ಲ, ಬೇಕಾದ್ರೆ ನೋಡಿ."

ಉಜ್ಜಿದ ಕಡೆಯೆಲ್ಲ ಚಿತ್ರವೇ ಹೋಗಿತ್ತು. ಹುಡುಗ ಉಳಿದದ್ದು ಎರಡು ಮೊಳ. ಬಣ್ಣ ಮಾತ್ರ ಆಕೆ ಹೇಳಿದಂತೆ ಹೋಗಿರಲಿಲ್ಲ. ಅದು ಕಪ್ಪು-ಬಿಳುಪು ಚಿತ್ರ.

೨. ಎರಡೆರಡು ಹೊಲಿಗೆ

ಬಿಸಿಲಿಗೆ ಒಣಗಿ ಗರಿಗರಿಯಾದ ಫಿಲಂ, ನನ್ನಲ್ಲಿಗೆ ತರುವಾಗ ಬಸ್ಸಿನಲ್ಲೇ ಹಲವು ಕಡೆ ತುಂಡಾಯಿತಂತೆ. ಮೇಷ್ಟ್ರಿಗೇಕೆ ತೊಂದರೆ ಎಂದು ಸಾಹುಕಾರರು ಪೇಟೆಯ ದರ್ಜಿಯ ಬಳಿ ಮಿಷನ್ ಹೊಲಿಗೆ ಹಾಕಿಸಿಯೇ ತಂದರು. ನಾನು ನೇರ ಅಂಗಡಿಗೆ ಹೋದೆ.

"ಎರಡೆರಡು ಹಾಕೀನ್ರೀ ಸಾರ್, ಜನ್ಮದಾಗೆ ಬಿಚ್ಚಂಗಿಲ್ಲ," ಎಂದ ದರ್ಜಿ.

"ಇದು ಬಟ್ಟೆಯಲ್ಲ ಮಾರಾಯ!"

"ಅದಕ್ಕೇ ಅಂತೀನ್ರೀ. ಹೊಲಿಗೆಗೆ ಅಂತ ಒಂದಿಷ್ಟೂ ಬಿಟ್ಟಿಲ್ಲ. ಮಾಡಿದೋನು ಶುದ್ಧ ಕಂಜೂಸಿ."

ಮನೆಗೆ ಬಂದು, ಸೂಜಿ ಚುಚ್ಚಿದಷ್ಟನ್ನೂ ಕತ್ತರಿಸಿ ಅಂಟು ಹಾಕಿ ಕೂಡಿಸಿದೆ. ಉಳಿದದ್ದು ಒಂದು ಮೊಳ. ಮುದುಕ ಕಂಬಳಿಯೊಳಗೆ ಕೈಯಿಟ್ಟು ನಡುಮನೆಯ ಮೂಲೆಯಲ್ಲಿ ಕೂತಿದ್ದ.

"ನಗೋದು ಐತೇನ್ರೀ ಇನ್ನೂ?"

"ಇದೆ," ಅಂದೆ.

೩. ರುಮಾಲು

ಬಲ್ಬು ಬಂತು. ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದೆ. ಹುಡುಗ ಪಂಚೆಯ ಮೇಲೆ ಬಂದ, ತಿರುಗಿದ, ನಕ್ಕ. ಮುದುಕನ ಬಾಯಿಂದ "ಹೋ" ಎಂದಷ್ಟೇ ಹೊರಟಿತು. ಅಷ್ಟರಲ್ಲಿ ಹುಡುಗನ ಹಿಂದೆ, ದೂರದ ಬದುವಿನ ಮೇಲೆ, ಒಂದು ರುಮಾಲು ಕಂಡಿತು.

"ನಾನು! ಅದು ನಾನು! ನಿಲ್ಸಿ, ನಿಲ್ಸಿ!" ಎಂದು ಸಾಹುಕಾರರು ಎದ್ದವರೇ, ಓಡುವ ಎತ್ತಿನ ಹಗ್ಗ ಹಿಡಿದಂತೆ ಓಡುವ ಫಿಲಮನ್ನು ಮುಷ್ಟಿಯಲ್ಲಿ ಹಿಡಿದರು. ನಿಂತ ಫಿಲಮಿಗೆ ಬಲ್ಬಿನ ಕಾವು ತಾಗಿ ಪಂಚೆಯ ಮೇಲೆ ಕಂದು ಗುಳ್ಳೆ ಎದ್ದಿತು. ನಾನು ಹಾರಿ ಹೋಗಿ ಸಿಕ್ಕ ಕಡೆ ಹಿಡಿದು ಎಳೆದೆ.

ಕಮಟು ಹೊಗೆಯ ನಡುವೆ ಸಾಹುಕಾರರು ಮೆಲ್ಲನೆ ಕೇಳಿದರು: "ಮೇಷ್ಟ್ರೆ, ರುಮಾಲು ಉಳೀತಾ?"

೪. ಉಣ್ಣೆ

ಮಾರನೆಯ ಬೆಳಿಗ್ಗೆ ಅಳೆದೆ. ಒಂದು ಗೇಣು. ನಗು ಅದರಲ್ಲೇ ಇತ್ತು. ಇನ್ನೊಮ್ಮೆ ಓಡಿಸಿದರೆ ಅದೂ ಉಳಿಯುವಂತಿರಲಿಲ್ಲ. ಮುದುಕನನ್ನು ಕರೆದು, ಅಂಚು ಹಿಡಿದು ಫಿಲಮನ್ನು ಕಿಟಕಿಯ ಬೆಳಕಿಗೆ ಒಡ್ಡಿ, ಭೂತಕನ್ನಡಿ ಇಟ್ಟು ತೋರಿಸಿದೆ. ಆತ ಬಹಳ ಹೊತ್ತು ನೋಡಿದ. ನೋಡನೋಡುತ್ತ ನಕ್ಕುಬಿಟ್ಟ.

"ಮರಿಗೆ ಉಣ್ಣೆ ಬಂದದಲ್ರೀ ಮೇಷ್ಟ್ರೆ! ಅವತ್ತು ಇಷ್ಟು ಇರ್ಲಿಲ್ಲ."

ನಾನೂ ಬಗ್ಗಿ ನೋಡಿದೆ. ಮರಿಯ ಮೈತುಂಬ ಸುತ್ತುಸುತ್ತು ಗೆರೆ. ಕಾವಿಗೆ ಮೆತ್ತಗಾಗಿದ್ದ ಫಿಲಮಿನ ಮೇಲೆ ಯಾರದೋ ಹೆಬ್ಬೆರಳ ಅಚ್ಚು ಒತ್ತಿ ಕೂತಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ನನ್ನ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಅದೇ.

ಗೋಡೆಯ ಮೇಲಿನ ಚೀಟಿಯ ಕಡೆ ತಿರುಗಲು ನನಗೆ ಮುಖವಿರಲಿಲ್ಲ.

"ಎಲ್ಲರೂ ಮುಟ್ಟಿದ್ದಾಯಿತು, ನಾನೂ ಮುಟ್ಟಿದೆ," ಅಂದೆ. "ನಿಮ್ಮ ಮಗ. ಒಂದು ಸಲ ಮುಟ್ಟಿ."

"ಬ್ಯಾಡ್ರೀ. ಮುಖ ತೊಳಕಂಡು ನಿಂತಾನೆ."

ಕಂಬಳಿಯೊಳಗೆ ಎರಡೂ ಕೈಯನ್ನು ಕಟ್ಟಿಕೊಂಡು, ಉಸಿರು ತಾಗದಂತೆ ಬಾಯಿ ಬಿಗಿಹಿಡಿದು, ಆತ ಮುಖವನ್ನಷ್ಟೇ ಇನ್ನೂ ಹತ್ತಿರ ತಂದ.