ಹನ್ನೊಂದು ಬಸಪ್ಪಂದಿರಿಗೆ ಒಂದೇ ಲಗ್ನಪತ್ರಿಕೆ

ಕೈಯಿಂದ ಕೆಲಸ ಮಾಡುವುದೇ ಮಹಾಪಾಪ ಎಂದು ನಂಬಿದ ಮನುಷ್ಯನನ್ನು ನೀವು ನೋಡಿದ್ದೀರಾ? ಬೈಲಹೊಂಗಲದಲ್ಲಿ ಅಂಥವನೊಬ್ಬನಿಗೆ ನಾನು ಎರಡು ಹೊತ್ತೂ ರೊಟ್ಟಿ ಬಡಿದಿದ್ದೇನೆ. ಅವನು ನನ್ನ ಮೈದುನ. ಐದು ನಿಮಿಷದ ಕೆಲಸ ತಪ್ಪಿಸಿಕೊಳ್ಳಲು ಐದು ದಿನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ!

ಯಾವುದೋ ಮಾಸಿಕದ ಜೊತೆ ಪುಕ್ಕಟೆ ಬಂದ ಸಿಡಿಯಿಂದ, ಯಾರು ಬೇಕಾದರೂ ಹಂಚಬಹುದಾದ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡ ದಿನವೇ ಮೌಸ್ ಬಿಚ್ಚಿ ಗೂಡಿನಲ್ಲಿಟ್ಟ. ಅದರ ಮೆತ್ತನೆಯ ಹಾಸಿನ ಮೇಲೆ ಅತ್ತೆ ಬಿಸಿ ಚಹಾದ ಪಾತ್ರೆ ಇಡತೊಡಗಿದರು. ಆಮೇಲೆ ಬರೀ ಕಪ್ಪು ಪರದೆ, ಬಿಳಿ ಅಕ್ಷರ. ನಕಲು ಮಾಡಲು ಸಿಪಿ, ಎತ್ತಿಡಲು ಎಂವಿ, ಅಳಿಸಲು ಆರ್‌ಎಂ. ಇಂಗ್ಲಿಷಿನಲ್ಲಿ ಬರೆಯುವಾಗ ಎ, ಇ, ಐ ಎಂದು ಒಂದು ಸ್ವರವಾದರೂ ಬೇಡವೇ? ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು!

ಆ ಸಿಡಿಯನ್ನು ನಕಲು ಮಾಡಿ ಓಣಿಗೆಲ್ಲ ಹಂಚಿದ. ಪಕ್ಕದ ಮನೆಯ ಟೆಂಪೋ ಚಾಚಾ, “ನನ್ನ ಕಡೆ ಕಂಪ್ಯೂಟರ್ ಇಲ್ಲಲ್ಲೋ,” ಎಂದರು.

“ಇರಲಿ ತಗೋರಿ ಚಾಚಾ, ಹಂಚಾಕ ಪರವಾನಗಿ ಐತಿ.”

ಚಾಚಾ ಅದನ್ನು ದೃಷ್ಟಿಯಾಗದಂತೆ ಟೆಂಪೋದ ಮುಂದೆ ತೂಗುಹಾಕಿದರು. ವಾರ ಬಿಟ್ಟು ಬಂದು, “ಭಾಳ ಚಲೋ ಸಾಫ್ಟ್‌ವೇರ್ ಐತಿ ಬೇಟಾ, ಒಮ್ಮೆನೂ ಪಂಕ್ಚರ್ ಆಗಿಲ್ಲ!” ಎಂದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಾದಿನಿಯ ಲಗ್ನ ಬಂತು. ಕರೆಯಬೇಕಾದವರ ಹೆಸರನ್ನು ಅತ್ತೆ ಹೇಳುತ್ತ ಹೋದರು, ಮೈದುನ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ. “ಬಸಪ್ಪ ಬರಿ. ಬಸಪ್ಪ ಬರಿ. ಹಂಗ ನಮ್ಮ ಬಸಪ್ಪನ್ನೂ ಬರಿ.”

ಅತ್ತೆ ಅತ್ತ ಹೋದದ್ದೇ, “ಅವ್ವಗ ಮರವು ವೈನಿ. ಒಂದ ಹೆಸರು ಹನ್ನೊಂದ ಸಲ ಹೇಳ್ಯಾಳ,” ಎಂದು ಅತ್ತಿಗೆಯಾದ ನನಗೆ ಹೇಳಿ, ಕಂಪ್ಯೂಟರಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟ. ಹೆಸರುಗಳು ಅಕ್ಷರದ ವರಸೆಯಲ್ಲಿ ಸಾಲಾಗಿ ನಿಂತವು, ಎರಡನೆಯ ಸಲ ಬಂದವೆಲ್ಲ ಹಾರಿಹೋದವು. “ನೋಡ್ರಿ, ಎಷ್ಟ ಸ್ವಚ್ಛ ಆತು!”

ಹೊಸ್ತಿಲಿಗೊಬ್ಬ ಬಸಪ್ಪ, ಈರಪ್ಪ ಇರುವ ಸೀಮೆ ನಮ್ಮದು! ಬಸಪ್ಪನ ಹೆಸರಿಗೆ ಒಂದೇ ಪತ್ರಿಕೆ ಬಂತು. ನಮ್ಮ ಯಜಮಾನರು ಅದನ್ನು ಪೇಟೆಯಲ್ಲಿ ಮೊದಲು ಸಿಕ್ಕ ಬಸಪ್ಪನಿಗೆ ಕೊಟ್ಟು ಕೈತೊಳೆದುಕೊಂಡರು. ಆತ ನಮಗೆ ಏನೂ ಆಗಬೇಕಾದವನಲ್ಲ. ಸಂತೋಷದಿಂದ ಸಂಸಾರಸಮೇತ ಬರುತ್ತೇನೆಂದನಂತೆ!

ಲಗ್ನಕ್ಕೆ ನಾಲ್ಕು ದಿನ ಇರುವಾಗ ರಾಮದುರ್ಗದಿಂದ ನನ್ನ ತಾಯಿಯ ಫೋನು. “ಲಗ್ನ ಮುಂದಕ್ಕ ಹೋತೇನವಾ? ಪತ್ರಿಕಿ ಬರಲಿಲ್ಲ… ನಿಮ್ಮಪ್ಪ ಹೊಸಾ ಧೋತರ ತಂದು ಇಟ್ಟಾರ.”

ನನ್ನ ತಂದೆಯ ಹೆಸರೂ ಬಸಪ್ಪ. ಬೀಗರು ಕರೆಯದೆ ಬರುವವರ ಪೈಕಿ ಅಲ್ಲ. ಫೋನಿಟ್ಟು ರೊಟ್ಟಿಯ ಹಿಟ್ಟು ನಾದತೊಡಗಿದೆ. ನೀರು ಹೆಚ್ಚಾಯಿತು.

ಹಿಟ್ಟು ನೋಡಿ, ನನ್ನ ಮುಖ ನೋಡಿ, ಮೈದುನ ಒಂದೊಂದೇ ಮಾತು ಕೇಳಿ ತಿಳಿದುಕೊಂಡ. ಆಗಲೇ ಒಂದು ಪತ್ರಿಕೆ ಹಿಡಿದು ರಾಮದುರ್ಗದ ಬಸ್ಸು ಹತ್ತಿದ. ಉಳಿದವರನ್ನು ಕರೆಯಲು ಮನೆಮಂದಿಯೆಲ್ಲ ಕಿತ್ತೂರು, ಸವದತ್ತಿ ಎಂದು ಓಡಿದರು.

ಅಪ್ಪ ಹೊಸ ಧೋತರ ಉಟ್ಟು ಲಗ್ನಕ್ಕೆ ಬಂದರು. “ನಿನ್ನ ಮೈದುನ ಕಾಲು ಮುಟ್ಟಿ, ‘ಕಂಪ್ಯೂಟರಿಂದು ಅಲ್ರಿ, ನಂದ ತಪ್ಪು’ ಅಂದ ನೋಡವಾ,” ಎಂದರು.

ಲಗ್ನ ಮುಗಿದ ಮೇಲೆ ಅವನ ಮೇಜು ಒರೆಸುವಾಗ ತಿದ್ದಿದ ಪಟ್ಟಿ ಸಿಕ್ಕಿತು. ಹೆಸರುಗಳೆಲ್ಲ ಎಂದಿನಂತೆ ಅಕ್ಷರದ ವರಸೆಯಲ್ಲೇ ಇದ್ದವು. ಎಲ್ಲಕ್ಕಿಂತ ಮೇಲೆ ಮಾತ್ರ ಒಂದು ಸಾಲು: “ವೈನಿಯವರ ಅಪ್ಪ, ರಾಮದುರ್ಗ.”

‘ವೈನಿ’ಯ ಇಂಗ್ಲಿಷ್ ‘ವಿ’ ವರಸೆಯಲ್ಲಿ ತೀರಾ ಕೆಳಗೆ ಹೋಗಬೇಕಿತ್ತಲ್ಲವೇ? ಮಾರಾಯ ಅದನ್ನು ಕೈಯಿಂದ ಎತ್ತಿ ಮೇಲಿಟ್ಟಿದ್ದ.