ಮುಕ್ಕಾಲು ಬಿ.ಎ. ಮಾವ

ನನ್ನ ಸೋದರಮಾವ ಬಿ.ಎ. ಫೇಲು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಮುಕ್ಕಾಲು ಪಾಸು! ಬಿ.ಎ.ಗೆ ಮೂರು ಭಾಗ: ಇಂಗ್ಲಿಷು, ಕನ್ನಡ, ಮತ್ತು ಚರಿತ್ರೆ-ಅರ್ಥಶಾಸ್ತ್ರದಂಥ ಐಚ್ಛಿಕ ವಿಷಯಗಳು. ಕೊನೆಯ ಎರಡನ್ನೂ ಮಾವ ಮೊದಲ ಸಲವೇ ಮುಗಿಸಿದ್ದರು. ಉಳಿದದ್ದು ಇಂಗ್ಲಿಷು.

"ಮೂರರಲ್ಲಿ ಎರಡು ಅಂದ್ರೆ ಮುಕ್ಕಾಲು ಆಗಲ್ವಲ್ಲ, ಮಾವ?" ಎಂದು ನಾನು ಲೆಕ್ಕ ತೆಗೆದರೆ, "ಗ್ರೇಸ್ ಮಾರ್ಕ್ ಸೇರಿಸ್ಕೊಳೋ!" ಎನ್ನುತ್ತಿದ್ದರು.

ಒಮ್ಮೆ ಪಾಸಾದ ಭಾಗವನ್ನು ಮತ್ತೆ ಬರೆಯಬೇಕಾಗಿಲ್ಲ ಎಂಬುದು ವಿಶ್ವವಿದ್ಯಾನಿಲಯದ ನಿಯಮ. ಮಾವ ಪಠ್ಯಪುಸ್ತಕಕ್ಕಿಂತ ಈ ನಿಯಮಗಳ ಪುಸ್ತಕವನ್ನೇ ಹೆಚ್ಚು ಓದಿದ್ದರು. ಎಷ್ಟಕ್ಕೆ ಪಾಸು, ಯಾವಾಗ ಗ್ರೇಸು, ಹಾಜರಿ ಎಷ್ಟಿರಬೇಕು, ಎಲ್ಲ ಬಾಯಿಪಾಠ. ಆ ಪುಸ್ತಕದ ಮೇಲೇ ಪರೀಕ್ಷೆ ಇಟ್ಟಿದ್ದರೆ ಮಾವನಿಗೆ ಚಿನ್ನದ ಪದಕ! ಆದರೆ ಯಾರಿಡುತ್ತಾರೆ?

ಮಾವ ಮತ್ತು ಅಜ್ಜಿ ರಾಜಾಜಿನಗರದ ನಮ್ಮ ಮನೆಯಲ್ಲೇ ಇದ್ದರು. ಆಗಿನ ರಾಜಾಜಿನಗರವೂ ಮಾವನ ಬಿ.ಎ.ಯಂತೆಯೇ! ರಸ್ತೆ ಪಾಸಾಗಿತ್ತು, ನಲ್ಲಿಯ ನೀರು ಬಾಕಿಯಿತ್ತು. ನೀರು ಹೊತ್ತು ತಂದು ಹಂಡೆ ಕಾಯಿಸಿ ಅಜ್ಜಿ ಎಣ್ಣೆಸ್ನಾನಕ್ಕೆ ಕರೆದರೆ ಮಾವನ ಉತ್ತರ ಏನು ಗೊತ್ತೆ? "ತಲೆ ಹೋದ ವಾರವೇ ಪಾಸಾಗಿದೆ ಕಣಮ್ಮ. ಈ ಸಲ ಬೆನ್ನೊಂದೇ ಬಾಕಿ!"

ಊಟಕ್ಕೆ ಕೂತರೂ ಮೌಲ್ಯಮಾಪನವೇ. "ಸಾರಿನಲ್ಲಿ ಹುಳಿಗೆ ಅರವತ್ತು, ಖಾರಕ್ಕೆ ಐವತ್ತು. ಉಪ್ಪು ಮಾತ್ರ ಮೂವತ್ತೆರಡು. ಒಟ್ಟು ಚೆನ್ನಾಗಿದೆ ಅಂತ ಮೂರು ಗ್ರೇಸ್ ಕೊಟ್ಟು ಪಾಸ್ ಮಾಡಿದೀನಿ ಕಣಕ್ಕಾ."

ಅಮ್ಮ ಸೌಟು ತೋರಿಸಿದಳು. "ನಾಳೆಯಿಂದ ನಿಂಗೇ ಹಾಜರಿ ಸಾಲ್ದು ಅಂತ ಬರೀತೀನಿ. ಪಂಕ್ತೀಲೇ ಕೂರಿಸಲ್ಲ, ನೋಡ್ಕೊ!"

ಕೆಂಗೇರಿಗೆ ಹೆಣ್ಣು ನೋಡಲು ಹೋದಾಗಲಂತೂ ಕೇಳಲೇಬೇಡಿ. ಹುಡುಗಿಯ ತಂದೆ ಪಾಪ, "ಏನು ಓದಿದೀರಿ?" ಎಂದು ಒಂದೇ ಮಾತು ಕೇಳಿದರು. ಮಾವ ಭಾಗಗಳು, ಕನಿಷ್ಠ ಅಂಕ, ವಿನಾಯಿತಿ ಎಂದು ಶುರು ಮಾಡಿ, ಉಪ್ಪಿಟ್ಟು ಆರಿ ಗಟ್ಟಿಯಾಗುವವರೆಗೂ ವಿವರಿಸಿದರು. ಆ ಹಿರಿಯರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ನಮ್ಮನ್ನು ಬಾಗಿಲವರೆಗೆ ಕಳಿಸಿಕೊಟ್ಟು ಹೇಳಿದರು: "ಹುಡುಗ ಒಂದು ಭಾಗದಲ್ಲಿ ನಮಗೂ ಒಪ್ಪಿಗೆ. ಉಳಿದದ್ದು ಸೆಪ್ಟೆಂಬರ್ ಪರೀಕ್ಷೆಗೆ ನೋಡೋಣ ಸ್ವಾಮಿ!"

ನಮ್ಮ ಮನೆಯಲ್ಲಿ ಮಾವನ ಪರೀಕ್ಷೆಗಾಗಿ ನಿಜವಾಗಿ ಕಾದಿದ್ದವಳು ಅಜ್ಜಿ. ಮಗ ಪಾಸಾದ ದಿನ ಅವನ ಬಾಯಿಗೆ ಹಾಕಬೇಕೆಂದು ಒಂದು ತಗಡಿನ ಡಬ್ಬಿಯಲ್ಲಿ ಕಲ್ಲುಸಕ್ಕರೆ ಇಟ್ಟಿದ್ದಳು. ಫಲಿತಾಂಶದ ದಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂರುವಳು. ಮಾವ ತಲೆ ತಗ್ಗಿಸಿ ಗೇಟು ತೆಗೆದರೆ, ಮುಚ್ಚಳ ಬಿಗಿ ಮಾಡಿ, "ಇರ್ಲಿ ಬಿಡೋ. ಕಲ್ಲುಸಕ್ಕರೆ ಏನು ಕೆಟ್ಟು ಹೋಗುತ್ತಾ?" ಎನ್ನುವಳು. ನನಗೆ ದಿನಚರಿ ಬರೆಯುವ ಚಟ. ಕೊನೆಯ ಪುಟದಲ್ಲಿ ಗೆರೆ ಎಳೆದು ಎರಡು ಮನೆ ಮಾಡಿ, ಎಡಕ್ಕೆ 'ಫೇಲು', ಬಲಕ್ಕೆ 'ಪಾಸು' ಎಂದು ಬರೆದಿದ್ದೆ. ಎಡಗಡೆ ಐದು ಗೀಟು. ಬಲಗಡೆ ಖಾಲಿ.

ಕಲ್ಲುಸಕ್ಕರೆ ಕೆಡಲಿಲ್ಲ, ಅಜ್ಜಿಯ ನೆನಪು ಕೆಡತೊಡಗಿತು. ಉಂಡದ್ದು ಮರೆಯುತ್ತಿದ್ದಳು. ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆಯುತ್ತಿದ್ದಳು. ಒಂದು ಪ್ರಶ್ನೆ ಮಾತ್ರ ಗಟ್ಟಿಯಾಗಿ ಉಳಿದಿತ್ತು: "ಏನೋ, ರಿಸಲ್ಟ್ ಬಂತೇನೋ?"

ಆಗ ಮಾವ ನಿಯಮಗಳ ಪುಸ್ತಕವನ್ನು ಅಟ್ಟಕ್ಕೆ ಹಾಕಿದರು. ಬೆಳಗಿನ ಜಾವ ಎದ್ದು, ಬೀದಿ ನಾಯಿಗಳೆಲ್ಲ ಇಂಗ್ಲಿಷ್ ಕಲಿಯುವಷ್ಟು ಗಟ್ಟಿಯಾಗಿ ಓದಿದರು! "ಅವಳು ನನ್ನನ್ನ ಮರೆಯೋಕೆ ಮುಂಚೆ ಪಾಸಾಗ್ಬೇಕು ಕಣೋ," ಎಂದು ನನ್ನ ಹತ್ತಿರ ಒಮ್ಮೆ ಹೇಳಿದರು. ಆ ದಿನ ಗ್ರೇಸಿನ ಮಾತೆತ್ತಲಿಲ್ಲ.

ಪಾಸಾದರು! ಮೆಜೆಸ್ಟಿಕ್ಕಿನಲ್ಲಿ ಪತ್ರಿಕೆ ಕೊಂಡು, ಬಸ್ಸಿಗೂ ಕಾಯದೆ ಓಡುತ್ತ ಬಂದು, "ಅಮ್ಮಾ, ಪಾಸಾದೆ!" ಎಂದರು. ಅಜ್ಜಿ ಡಬ್ಬಿಯಿಂದ ಬಾಚಿ ಹಾಕಿದ ಕಲ್ಲುಸಕ್ಕರೆ ಅರ್ಧ ಮಾವನ ಬಾಯಿಗೆ, ಅರ್ಧ ಕೊರಳಪಟ್ಟಿಗೆ. ಬಲಗಡೆಯ ಮನೆಯಲ್ಲಿ ನಾನು ಮೊದಲ ಗೀಟು ಎಳೆದೆ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಜಗಲಿಯಿಂದ ಕೂಗಿದಳು. "ಏನೋ, ರಿಸಲ್ಟ್ ಬಂತೇನೋ?"

ಒಳಗೆ ಅಮ್ಮನ ಒಗ್ಗರಣೆ ಸೀದಿತು. ನಾನು ಮಾವನ ಮುಖ ನೋಡಿದೆ. ಪಾಸಾದ ಭಾಗವನ್ನು ಮತ್ತೆ ಬರೆಯಬೇಕಾಗಿಲ್ಲ ಎಂದು ಊರಿಗೆಲ್ಲ ಸಾರಿದ ಮನುಷ್ಯ! ಅವರು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರು. ಚಪ್ಪಲಿ ಮೆಟ್ಟಿ, ಮನೆಯನ್ನು ಸುತ್ತಿ, ಮುಂದಿನ ಗೇಟು ತೆಗೆದು, ಏದುಸಿರು ಬಿಡುತ್ತ ಓಡಿ ಬಂದರು. "ಅಮ್ಮಾ, ಪಾಸಾದೆ!"

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದಳು.

ಅಂದಿನಿಂದ ಹೀಗೇ ನಡೆದಿದೆ. ಬಲಗಡೆಯ ಮನೆ ತುಂಬಿ, ಹೊಸ ಪುಟಕ್ಕೆ ಗೆರೆ ಎಳೆದಿದ್ದೇನೆ. ಸಂತೆಯಿಂದ ಬರುವಾಗ ಅಮ್ಮ ಯಾರೂ ಹೇಳದೆಯೇ ಕಲ್ಲುಸಕ್ಕರೆ ತರುತ್ತಾಳೆ. ಇದನ್ನು ಬರೆಯುತ್ತಿರುವಾಗಲೇ ಹಿತ್ತಿಲಲ್ಲಿ ಚಪ್ಪಲಿಯ ಸದ್ದು ಕೇಳುತ್ತಿದೆ. ಮಾವ ಮತ್ತೆ ಪಾಸಾಗಲು ಹೊರಟರು.