ನೀರು ನಿಂತ ಗಾಜಿನಮನೆಯಲ್ಲಿ ಬರಗಾಲ

ಸಸ್ಯ ಸಂಶೋಧನಾ ಸಂಸ್ಥೆಯ ನಿಯಮಾವಳಿ ಪ್ರಕಾರ ಪ್ರತಿಯೊಂದು ಹಾರ್ಮೋನೂ ಒಂದಲ್ಲ ಒಂದು ವಿಭಾಗಕ್ಕೆ ಸೇರಿದ್ದು. ಹಾರ್ಮೋನು ಎಂದರೆ ಗಿಡ ತನ್ನೊಂದು ಭಾಗದಿಂದ ಇನ್ನೊಂದಕ್ಕೆ ಕಳುಹಿಸುವ ಸಂದೇಶ. ಸಂಸ್ಥೆಯ ಟಪಾಲಿನಂತೆಯೇ, ಆದರೆ ಇದು ತಲುಪುತ್ತದೆ. ನೀರಿಲ್ಲದಾಗ ಎಲೆಯ ರಂಧ್ರಗಳನ್ನು ಮುಚ್ಚಿಸುವ ಹಾರ್ಮೋನನ್ನು ಬರ ವಿಭಾಗಕ್ಕೆ ವಹಿಸಲಾಗಿತ್ತು. ಆ ವಿಭಾಗದ ಮುಖ್ಯಸ್ಥರು ನಿರ್ದೇಶಕರ ಭಾವಮೈದುನ. ನೇಮಕಕ್ಕೂ ನೆಂಟಸ್ತಿಕೆಗೂ ಸಂಬಂಧವಿಲ್ಲವೆಂದು ಸೂಚನಾ ಫಲಕದಲ್ಲಿ ಸ್ಪಷ್ಟಪಡಿಸಲಾಗಿದೆ.

ಹೀಗಿರಲು ಹಂಗಾಮಿ ಸಂಶೋಧಕಿಯೊಬ್ಬಳು (ಹಂಗಾಮಿ ಎಂದರೆ ಕೆಲಸ ಪೂರ್ತಿ, ನೌಕರಿ ಅರ್ಧ) ದಿನವೂ ನೀರುಂಡು ನೆಮ್ಮದಿಯಾಗಿದ್ದ ಟೊಮೆಟೊ ಸಸಿಗಳಲ್ಲೂ ಅದೇ ಹಾರ್ಮೋನು ದುಡಿಯುತ್ತಿರುವುದನ್ನು ಕಂಡಳು. ಬೇರಿನೊಳಗೆ ನೀರು ಸಾಗುವ ನಾಳಗಳಿಗೆ ರೂಪ ಕೊಡುತ್ತಿದ್ದುದು ಅದೇ. ಅದನ್ನು ತಯಾರಿಸಲಾಗದ ಸಸಿಗಳಲ್ಲಿ ನಾಳಗಳು ಅಡ್ಡಾದಿಡ್ಡಿಯಾಗಿದ್ದವು. ಪ್ರಯೋಗ ಮುಗಿದರೆ ಅವಳ ನೌಕರಿ ಕಾಯಂ. ಸಸಿ ಕಿತ್ತರೆ ಅವಳೂ ಹೊರಗೆ.

ಮುಖ್ಯಸ್ಥರು ಗಾಜಿನಮನೆಗೇ ಬಂದರು.

“ಏನಮ್ಮಾ, ನಮ್ಮ ಹಾರ್ಮೋನು ನಿನ್ನ ಗಿಡದಲ್ಲಿ ಏನ್ ಮಾಡ್ತಿದೆ?”

“ನಾಳ ಕಟ್ತಿದೆ ಸಾರ್.”

“ಬರ ಇಲ್ದೇನೇ?”

“ಹೂಂ ಸಾರ್. ಅದೇ ಹೊಸ ವಿಷಯ.”

“ಹೊಸ ವಿಷಯ ಅಲ್ಲ, ಅಶಿಸ್ತು! ಯಾರನ್ನ ಕೇಳಿ ಮಾಡ್ತಿದೆ? ಕಿತ್ತುಹಾಕಿ ಇವನ್ನೆಲ್ಲ.”

“ಕಿತ್ರೆ ನನ್ನ ಕಥೆ ಮುಗೀತು ಸಾರ್!”

ಗಲಾಟೆ ಕೇಳಿ ನಿರ್ದೇಶಕರು ಬಂದರು. “ಕೀಳೋದ್ಯಾಕೆ? ಇಲ್ಲಿ ಬರ ಇದೆ ಅಂತ ಘೋಷಿಸಿದ್ರಾಯ್ತು. ಹಾರ್ಮೋನು ಡ್ಯೂಟಿ ಮೇಲಿದ್ದ ಹಾಗಾಯ್ತು. ನೀನೊಂದು ಸಹಿ ಹಾಕಮ್ಮ.”

“ನಿಮ್ಮ ಷೂ ನೆನೀತಿದೆ ಸಾರ್,” ಎಂದ ಪೈಪು ಹಿಡಿದಿದ್ದ ಮಾಲಿ.

“ಬರ ಅಂದ್ಮೇಲೆ ಅದೆಲ್ಲ ಸಹಜ.”

“ಸಾರ್, ಬರ ಇಲ್ದಾಗ್ಲೂ ಕೆಲಸ ಮಾಡತ್ತೆ ಅನ್ನೋದೇ ನನ್ನ ಶೋಧನೆ. ಬರ ಇದೆ ಅಂತ ಬರೆದ್ರೆ ಉಳಿಯೋದೇನು?”

“ನೌಕರಿ,” ಎಂದರು ನಿರ್ದೇಶಕರು.

ಅವಳು ಸಸಿಗಳನ್ನೊಮ್ಮೆ ನೋಡಿ ಸಹಿ ಹಾಕಿದಳು.

ಸಂಜೆಯೇ ಪ್ರಕಟಣೆ ಹೊರಬಿತ್ತು: “ಗಾಜಿನಮನೆಯನ್ನು ಬರಪೀಡಿತವೆಂದು ಘೋಷಿಸಲಾಗಿದೆ. ಸದರಿ ಬರಕ್ಕೆ ಧಕ್ಕೆಯಾಗದಂತೆ ನಲ್ಲಿಗಳನ್ನು ಬಳಸತಕ್ಕದ್ದು.”

ಬರವೆಂದ ಮೇಲೆ ಪರಿಹಾರ ಕೊಡಲೇಬೇಕು. ಪರಿಹಾರ ಎಂದರೆ ನೀರು. ಹಾಗಾಗಿ ಟ್ಯಾಂಕರ್ ಬಂತು.

“ಎಲ್ಲಣ್ಣ ಸುರೀಲಿ? ಆಗ್ಲೇ ಪಾದ ಮುಳುಗ್ತಿದೆ!” ಎಂದ ಚಾಲಕ.

“ಅದು ಮಾಮೂಲಿ ನೀರು. ನಿಂದು ಪರಿಹಾರದ್ದು. ಅದರ ಮೇಲೇ ಸುರಿ,” ಎಂದ ಮಾಲಿ.

ಪರಿಹಾರ ಪ್ರತಿದಿನವೂ ತಪ್ಪದೆ ಬಂತು. ಬೇರುಗಳು ಕೊಳೆತವು, ಬೇರು ಕೊಳೆತರೆ ಗಿಡ ಬದುಕುವುದಿಲ್ಲ. ಪರಿಶೀಲನಾ ಸಮಿತಿ ರಬ್ಬರ್ ಬೂಟು ತೊಟ್ಟು ಒಳಹೊಕ್ಕು, ಸಸಿಗಳು ಬರಕ್ಕೆ ಬಲಿಯಾಗಿವೆಯೆಂದು ಒಮ್ಮತದಿಂದ ತೀರ್ಮಾನಿಸಿತು. ಹಾರ್ಮೋನಿನ ಮೇಲಿದ್ದ ಅಶಿಸ್ತಿನ ಆರೋಪವನ್ನು ಕೈಬಿಡಲಾಯಿತು.

ಸಂಶೋಧಕಿಯ ನೌಕರಿ ಕಾಯಂ ಆಯಿತು, ಬರ ವಿಭಾಗದಲ್ಲೇ. ಮುಖ್ಯಸ್ಥರು ಗಾಜಿನಮನೆಯ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟರು.

“ಎಂಥಾ ಘೋರ ಬರ, ಅಲ್ವೇನಮ್ಮ?”

“ಒಂದು ಹನಿ ಇಲ್ಲ ಸಾರ್,” ಎಂದು ಅವಳು ಚಪ್ಪಲಿಯನ್ನು ಕೈಗೆತ್ತಿಕೊಂಡು, ಸತ್ತ ಸಸಿಗಳನ್ನು ಆಯಲು ನೀರಿಗಿಳಿದಳು.